ಮೂರು ಸಲ ಕೆರೆದ ಸಾಲು

ಅಕ್ಷರಕ್ಕಿಷ್ಟು ಎಂದು ಲೆಕ್ಕ ನನ್ನದು.
ಒತ್ತಕ್ಷರಕ್ಕೆ ಒಂದು ವೀಸ ಹೆಚ್ಚು.
ಜಾವಗಲ್ಲ ಕೆರೆಯೇರಿಯ ಕೆಳಗೆ, ಹುಣಸೆಯ ನೆರಳಿಗೆ
ಆಳೆತ್ತರದ ಬಳಪದ ಕಲ್ಲನ್ನು ಮಲಗಿಸಿಕೊಂಡು
ಕೂತವನು, ರೂವಾರಿ ಬೈಚೋಜ.
ಕವಿ ಓಲೆಯಲ್ಲಿ ಬರೆದು ಕೊಡುತ್ತಾನೆ,
ಸೇನಬೋವ ಸುಣ್ಣದಲ್ಲಿ ಗೆರೆ ಹಾಕುತ್ತಾನೆ,
ನನ್ನದು ಬರೀ ಚಾಣ.
ಚಾಣಕ್ಕೆ ಅರಸ ಯಾರಾದರೇನು.

ಮೊದಲ ಸಲ ಸೋವೆಯ ದಂಡನಾಯಕ ಬಂದಾಗ
ಮೀಸೆ ಇನ್ನೂ ಕಪ್ಪು.
ಅಪ್ಪ ಹನ್ನೆರಡು ಹಳ್ಳಿಯ ಸುಂಕದ ಹೆಗ್ಗಡೆ, ಅಷ್ಟೆ;
ಮಗನಿಗೆ ಮೂವತ್ತು ಕುದುರೆ, ಬಿಳಿಯ ಕೊಡೆ.
ಸೇವುಣರ ರಾವುತರನ್ನು ಯಗಚಿಯ ಕೆಸರಿಗೆ ಎಳೆತಂದು
ಕೋಣಗಳಂತೆ ಹೂತನಂತೆ.
ನಾನು ಕಂಡಿಲ್ಲ. ನಾನು ಕಂಡದ್ದು
ಅವನ ಕುದುರೆ ಬಲಗಾಲು ಎಳೆಯುತ್ತಿತ್ತು,
ಅವನು ಇಳಿದು ಅದರ ಪಕ್ಕ ನಡೆದು ಬಂದಿದ್ದ.
ಕೊರೆದೆ:
‘ಸ್ವಸ್ತಿ ಶ್ರೀಮನ್ಮಹಾಪ್ರಧಾನಂ, ಹಗೆಯ ಕೊರಳ ಗಾಳಂ,
ಸ್ವಾಮಿದ್ರೋಹರ ಗಂಡಂ, ಸೋವೆಯ ದಂಣಾಯಕಂ
ಬಡಗಣರಸನ ಪಾದಪದ್ಮೋಪಜೀವಿ.’
ಕೊನೆಗೆ ವಾಡಿಕೆಯ ಶಾಪ:
ಇದನಳಿದವಂ ಗಂಗೆಯ ತಡಿಯೊಳ್
ಸಾಸಿರ ಕವಿಲೆಯಂ ಕೊಂದ ಪಾಪಕ್ಕೆ ಪೋಪಂ.

ಒಬ್ಬ ತಂದೆ, ಇಬ್ಬರು ತಾಯಂದಿರು, ಎರಡು ಗದ್ದುಗೆ.
ನಾಡು ಒಡೆದದ್ದು ನಮಗೆ ತಿಳಿದದ್ದು ಸಂತೆಯಲ್ಲಿ:
ಒಂದೇ ಎಣ್ಣೆಗಾಣಕ್ಕೆ ಎರಡು ಕಡೆಯ ಸುಂಕದವರು.
ಬಡಗಣವನು ಮಹಾಪ್ರಧಾನಿಕೆಯ ಮುದ್ರೆಯನ್ನು
ತನ್ನ ಭಾವಮೈದುನನ ಬೆರಳಿಗೆ ತೊಡಿಸಿದ ವಾರವೇ
ಸೋವೆಯ ಬಂದ, ರಾತ್ರಿ, ಪಂಜಿಲ್ಲದೆ.
“ಬಡಗಣ ಕೆರೆ. ತೆಂಕಣ ಎಂದು ಕೊರೆ.”
“ಶಾಪ ಇದೆಯಲ್ಲ ಒಡೆಯಾ, ಕವಿಲೆ, ಗಂಗೆ...”
“ಕವಿಲೆಗೆ ಎಷ್ಟು?”
ಐದು ಹಣ ಎಂದೆ. ನಾಲಿಗೆ ತಾನೇ ಹೇಳಿತು.
ಎಣಿಸಿ ಕೊಟ್ಟ. ಹೊರಟವನು ತಿರುಗಿ,
“ಸ್ವಾಮಿದ್ರೋಹರ ಗಂಡಂ ಹಾಗೇ ಇರಲಿ.”
ಪಾದವೂ ಇರಲಿ, ಪದ್ಮವೂ ಇರಲಿ;
ದುಂಬಿಗೆ ಹೂವಿನ ಕುಲವೇನು.

ತೆಂಕಣ ಸೀಮೆಯಲ್ಲಿ ಆರು ವರುಷ.
ಯಾವ ಕೋಟೆ ಹಿಡಿದ, ಯಾರ ಮಗಳನ್ನು
ಯಾರ ಮಗನಿಗೆ ಕೊಡಿಸಿ ಯಾವ ಗಡಿ ಉಳಿಸಿದ,
ವ್ಯಾಪಾರಿಗಳು ತಂದ ಸುದ್ದಿ ಒಂದಕ್ಕೊಂದು ಕೂಡಲಿಲ್ಲ.
ಈ ಕಡೆ ಅವನ ಹಳ್ಳಿಗಳನ್ನು
ಭಾವಮೈದುನನ ಆನೆಗಳು ಮೇದವು.
ನನ್ನ ತಮ್ಮನ ಜೋಳವೂ ಹೋಯಿತು.
ಅದನ್ನು ಕೊರೆಯಲು ಯಾರೂ ಕಾಸು ಕೊಡಲಿಲ್ಲ.

ಮೂರನೆಯ ಸಲ ಹಗಲಲ್ಲೇ ಬಂದ.
ಮೀಸೆ ನರೆತಿತ್ತು, ಕೊಡೆ ಇರಲಿಲ್ಲ.
ದೋರಸಮುದ್ರದಲ್ಲಿ ಕಾಲಿಗೆ ಬಿದ್ದು
ಅರ್ಧ ಹಳ್ಳಿಗಳನ್ನು ಮರಳಿ ಪಡೆದಿದ್ದನಂತೆ.
ಏನೂ ಹೇಳಲಿಲ್ಲ. ಆ ಸಾಲಿನ ಮೇಲೆ ಕೈಯಿಟ್ಟ.
ಕೆರೆದೆ. ಬಳಪದ ಕಲ್ಲು ಮೆತ್ತನೆಯದು,
ಆದರೂ ಅದಕ್ಕೊಂದು ಮಿತಿ;
ನಡುವೆ ಬೊಗಸೆಯಷ್ಟು ಕುಳಿ ಬಿತ್ತು,
ಅಕ್ಷರ ಕುಳಿಯ ತಳದಲ್ಲಿ ಕೂತಿತು.
“ಇನ್ನೊಮ್ಮೆ ಆಗದು ಒಡೆಯಾ” ಅಂದೆ.
ನಕ್ಕ. ಹಲ್ಲು ಎರಡಿರಲಿಲ್ಲ.

ಕಾರ್ತಿಕದಲ್ಲಿ ಕುಂದಾಣದ ದಾರಿಯಲ್ಲಿ ಸತ್ತ.
ಬಾಣ ಬೆನ್ನಿಗೆ ಬಿತ್ತೋ ಎದೆಗೋ,
ಕೇಳಿದರೆ ಅವನ ಲೆಂಕರು ಬೇರೆ ಬೇರೆ ಕಡೆ ನೋಡುತ್ತಾರೆ.
ಅವನೊಡನೆ ಸಾಯುತ್ತೇವೆಂದು ಆಣೆಯಿಟ್ಟವರು ಏಳು ಮಂದಿ;
ಆಣೆಗೆ ಬಾಳಿದವನು ಒಬ್ಬನೇ, ಬಿಟ್ಟಿಗ,
ದನ ಕಾಯುವವನ ಮಗ.
ದಂಡನಾಯಕನ ಹೆಂಡತಿ ಚಾಗವ್ವೆ ಬಂದು
ಅಣ್ಣತಮ್ಮಂದಿರು ರಾಜಿಯಾದರು ಎಂದಳು.
“ಹಾಗಾದರೆ ಆ ಸಾಲಿನಲ್ಲಿ ಯಾರ ಹೆಸರಿರಲಿ, ತಾಯಿ?”
ಬಹಳ ಹೊತ್ತು ಕುಳಿಯನ್ನೇ ನೋಡಿದಳು.
“ಒಂದೂ ಬೇಡ. ಬಿಟ್ಟಿಗನದ್ದು ಕೆಳಗೆ ಹಾಕು.”

ಹಾಕಿದೆ. ಮೂರು ಅಕ್ಷರ, ಒಂದು ಒತ್ತು.
ಆ ವೀಸ ಇನ್ನೂ ಬಂದಿಲ್ಲ.
ಮಳೆ ಬಂದ ಮಾರನೆಯ ದಿನ
ಮೈನಾ ಹಕ್ಕಿಯೊಂದು ಅರಸರಿದ್ದ ಕುಳಿಯಲ್ಲಿ ನೀರು ಕುಡಿದು
ನನ್ನ ಕಡೆಗೊಮ್ಮೆ ತಲೆ ಓರೆ ಮಾಡಿತು.
ಕವಿಲೆಯ ಲೆಕ್ಕ ಕೇಳುತ್ತಿದೆಯೋ ಎಂದು
ಚಾಣ ಮಸೆಯುವುದನ್ನು ನಿಲ್ಲಿಸಿದೆ.